ಕಾಜಮ್ಮ ಹಾಕಿದ ಎತ್ವ

ಕಾಜಮ್ಮನಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆ. ಅದು ಗುರುತಿನ ಚೀಟಿಯಲ್ಲಿದೆ, ಬ್ಯಾಂಕಿನವರಿಗೆ ಗೊತ್ತು. ಉಳಿದವರಿಗೆಲ್ಲ ಅವಳು ಕಾಜಮ್ಮ. ಮೂವತ್ತೊಂದು ವರ್ಷ ಒಂದೇ ಟೈಲರ್ ಅಂಗಡಿಯ ಒಂದೇ ಕಿಟಕಿಯ ಪಕ್ಕ ಕೂತು ಕೋಟುಗಳಿಗೆ ಕಾಜಾ ಹಾಕಿದವಳನ್ನು ಇನ್ನೇನೆಂದು ಕರೆಯುತ್ತಾರೆ? ಕಾಜಾ ಎಂದರೆ ಗುಂಡಿ ತೂರಿಸುವ ತೂತು. ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ, “ಜನರ ಒಳ್ಳೊಳ್ಳೆ ಬಟ್ಟೆಗೆ ತೂತು ಹಾಕ್ತೀನಿ, ಅದಕ್ಕೆ ಸಂಬಳಾನೂ ಕೊಡ್ತಾರೆ” ಎನ್ನುತ್ತಿದ್ದಳು.

ತಮಾಷೆಗೆ ಹಾಗೆ ಹೇಳಿದರೂ ಒಳಗೊಳಗೇ ಜಂಬ ಇತ್ತು. ಗುಂಡಿ ತಪ್ಪಾಗಿ ಹೊಲಿದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕಾಜಾ ಹಾಗಲ್ಲ. ಸೀಮೆಸುಣ್ಣದ ಗೆರೆಯ ಮೇಲೆ ಚಿಕ್ಕ ಕತ್ತರಿಯ ಮೂತಿ ಇಟ್ಟು ಒಂದು ಸಲ ಕಚಕ್ ಎಂದರೆ ಮುಗಿಯಿತು, ಆ ಬಟ್ಟೆಯನ್ನು ಬ್ರಹ್ಮ ಬಂದರೂ ಕೂಡಿಸಲಾರ. ಆಮೇಲೆ ಅಂಚಿಗೆ ದಪ್ಪ ದಾರ ಒತ್ತಿ ಹಿಡಿದು, ರೇಷ್ಮೆ ದಾರದಲ್ಲಿ ಗಂಟಿಗೆ ಗಂಟು ತಾಗಿಸುತ್ತಾ ಸುತ್ತಲೂ ಬರಬೇಕು. ಅಂಗಡಿಯ ಯಜಮಾನ, ಎಲ್ಲರೂ ಮಾಸ್ಟರ್ ಎಂದು ಕರೆಯುವವರು, ಕತ್ತರಿಯ ವಿಷಯದಲ್ಲಿ ಹೆಂಡತಿಯನ್ನೂ ನಂಬುತ್ತಿರಲಿಲ್ಲ. ಬಟ್ಟೆ ಕತ್ತರಿಸುವುದು ಅವರೊಬ್ಬರೇ. ಆದರೆ ಹೊಲಿದು ಮುಗಿದ ಕೋಟಿನ ಮೇಲೆ ಕತ್ತರಿ ಆಡಿಸುವ ಹಕ್ಕು ಕಾಜಮ್ಮನಿಗಿತ್ತು. ಹಿಂದಿನ ಕಾಲದ ಮಂತ್ರಿಗಳಿಗೆ ಮುದ್ರೆಯುಂಗುರ ಇದ್ದ ಹಾಗೆ ಎಂದು ಅವಳು ತಿಳಿದುಕೊಂಡಿದ್ದಳು.

ಓದಿದ್ದು ಮೂರನೇ ಕ್ಲಾಸು. ಅಕ್ಷರಕ್ಕೆ ಅಕ್ಷರ ಕೂಡಿಸಿ, ತುಟಿ ಅಲ್ಲಾಡಿಸುತ್ತಾ ಓದುತ್ತಿದ್ದಳು. ಮೂರನೇ ಕ್ಲಾಸಿನಲ್ಲಿ ಮೇಷ್ಟ್ರು ಕಾಗುಣಿತಕ್ಕೆ ಮಾತ್ರ ಹೊಡೆಯುತ್ತಿದ್ದರಂತೆ, ಹಾಗಾಗಿ ಕಾಗುಣಿತವೊಂದು ಗಟ್ಟಿ ಉಳಿದಿತ್ತು. ಅಂಗಡಿಯ ಎದುರಿನ ಬೋರ್ಡಿನಲ್ಲಿ ದೀರ್ಘ ಬಿಟ್ಟುಹೋಗಿದ್ದರೆ ಮೊದಲು ಕಂಡುಹಿಡಿಯುತ್ತಿದ್ದವಳು ಅವಳೇ. ಲೈಬ್ರರಿಯಲ್ಲಿ ಕೆಲಸ ಮಾಡುವ ಮಗಳಿಗೇ ಒಮ್ಮೆ, “ಏನೇ, ಅಷ್ಟು ಓದಿ ‘ಊಟ’ಕ್ಕೆ ದೀರ್ಘ ಹಾಕೋದು ಮರ್ತಿದೀಯಲ್ಲ” ಎಂದು ಚೀಟಿ ತಿದ್ದಿ ಕೊಟ್ಟಿದ್ದಳು. ಈ ಗಟ್ಟಿ ಕಾಗುಣಿತವೇ ಅವಳನ್ನು ಹಳ್ಳಕ್ಕೆ ತಳ್ಳಿತು.

ಗಂಡ ಲಿಫ್ಟ್ ನಡೆಸುವವನು. ದೊಡ್ಡ ಆಫೀಸೊಂದರ ಲಿಫ್ಟಿನೊಳಗೆ ಸ್ಟೂಲು ಹಾಕಿಕೊಂಡು ಜೀವಮಾನವೆಲ್ಲ ಮೇಲೆ ಕೆಳಗೆ ಓಡಾಡಿದ. ಒಂದು ಮಂಗಳವಾರ ಮೇಲೆ ಹೋದವನು ಕೆಳಗೆ ಬರಲಿಲ್ಲ. ಇದನ್ನು ಅವಳು ನಗುತ್ತಲೇ ಹೇಳುತ್ತಿದ್ದಳು. ಕೇಳಿದವರು ನಗಬೇಕೋ ಅಳಬೇಕೋ ತಿಳಿಯದೆ ಬೇಗ ಬೇಗ ಟೀ ಮುಗಿಸುತ್ತಿದ್ದರು.

ಅವನು ಹೋದಾಗ ಅವಳು ಅಷ್ಟೇನೂ ಅಳಲಿಲ್ಲ. ಗಟ್ಟಿಗಿತ್ತಿ ಎಂದು ನೆಂಟರು ಹೊಗಳಿದರು. ಹೊಗಳಿಕೆ ತಲೆಗೇರಿ ಇನ್ನೂ ಗಟ್ಟಿಯಾದಳು. ನಾಲ್ಕನೇ ತಿಂಗಳಲ್ಲಿ, ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ, ಕಾರಣವೇ ಇಲ್ಲದೆ ಎದೆ ಡಬಡಬ ಎನ್ನತೊಡಗಿತು. ಬಟ್ಟೆಯಿಲ್ಲದೆ ಓಡಿಸಿದ ಹೊಲಿಗೆ ಯಂತ್ರದ ಹಾಗೆ. ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತು, ಬೆರಳತುದಿ ಜುಮುಜುಮು, ಕಣ್ಣಿಗೆ ಕತ್ತಲೆ. ಸತ್ತೆ ಎಂದುಕೊಂಡಳು. ಸಾಯುತ್ತಿದ್ದೇನೆ ಎಂದುಕೊಂಡೇ ಪಕ್ಕದಲ್ಲಿದ್ದ ಅಪರಿಚಿತ ಗಂಡಸಿನ ಕೈ ಗಟ್ಟಿಯಾಗಿ ಹಿಡಿದು, “ನನ್ನ ಮಗಳಿಗೆ ಹೇಳಿ, ಗ್ಯಾಸ್ ಆಫ್ ಮಾಡಿದೀನೋ ಇಲ್ವೋ ನೋಡೋಕೆ” ಎಂದಳು. ಆತ ಪಾಪ ಬಸ್ಸು ನಿಲ್ಲಿಸಿ ಆಸ್ಪತ್ರೆಗೆ ಸೇರಿಸಿದ. ಹೃದಯದ ಇಸಿಜಿ ತೆಗೆದು ನೋಡಿದರೆ ಎಲ್ಲ ಸರಿಯಾಗಿತ್ತು. ಕಾಜಮ್ಮನಿಗೆ ಸ್ವಲ್ಪ ಅವಮಾನವೇ ಆಯಿತು.

ಆಗ ಇದ್ದವರು ವಯಸ್ಸಾದ ಡಾಕ್ಟರ್. ತಾಳ್ಮೆಯಿಂದ ಕೇಳಿದರು, ಇದು ಹೃದಯದ ರೋಗವಲ್ಲ, ಆತಂಕ, ದುಃಖ ತಡವಾಗಿ ಬಂದಿದೆ ಎಂದರು. ಔಷಧಿಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಅದರ ಕೆಳಗೆ ಅವಳಿಗೆ ಅರ್ಥವಾಗಲೆಂದು ಕನ್ನಡದಲ್ಲಿ ಒಂದು ಸಾಲು ಬರೆದು ಗೆರೆ ಎಳೆದರು. ಬಾಯಲ್ಲೂ ಏನೇನೋ ಹೇಳಿದರು. ಬದುಕಿದೆನಲ್ಲ ಎಂಬ ಖುಷಿಯಲ್ಲಿ ಅವಳು ಎಲ್ಲದಕ್ಕೂ ತಲೆಯಾಡಿಸಿದಳು, ಒಂದನ್ನೂ ಕೇಳಿಸಿಕೊಳ್ಳಲಿಲ್ಲ.

ಮನೆಗೆ ಬಂದು ಚೀಟಿ ಬಿಡಿಸಿ ತುಟಿ ಅಲ್ಲಾಡಿಸಿದಳು. ‘ಹತ್ತು ದಿನ ಮಾತ್ರ.’

ಪಾಪ, ಎಂದುಕೊಂಡಳು. ಎಷ್ಟು ಜನ ರೋಗಿಗಳೋ, ಅವಸರದಲ್ಲಿ ಎತ್ವ ಬಿಟ್ಟುಹೋಗಿದೆ. ಡಾಕ್ಟರ್ ಮಾತ್ರೆ ಬರೆಯದೆ ಮತ್ತೇನು ಬರೆಯುತ್ತಾರೆ? ಹತ್ತು ಕೊಂಡುಕೋ, ದಿನಾ ಮಾತ್ರೆ ತಗೋ ಎಂದು. ‘ದಿನ’ದ ದೀರ್ಘವೂ ಬಿಟ್ಟಿದ್ದರು, ಆದರೆ ಅಷ್ಟು ದೊಡ್ಡ ಮನುಷ್ಯರನ್ನು ಎರಡೆರಡು ಕಡೆ ತಿದ್ದುವುದು ಸರಿಯಲ್ಲವೆನಿಸಿತು. ಗುಂಡಿಯ ಜಾಗ ಗುರುತು ಹಾಕುವ ನೀಲಿ ಪೆನ್ನು ತೆಗೆದು ‘ತ್ರ’ದ ತಲೆಯ ಮೇಲೆ ಅಂದವಾಗಿ ಒಂದು ಎತ್ವ ಹಾಕಿದಳು. ‘ಮಾತ್ರ’ ‘ಮಾತ್ರೆ’ಯಾಯಿತು. ಡಾಕ್ಟರ ಮಾನ ಉಳಿಸಿದ ಸಮಾಧಾನದಲ್ಲಿ ಮೊದಲನೆಯದನ್ನು ನುಂಗಿದಳು.

ಸುಳ್ಳು ಹೇಳಬಾರದು, ಮಾತ್ರೆ ಒಳ್ಳೆಯ ಕೆಲಸ ಮಾಡಿತು. ಅರ್ಧ ಗಂಟೆಯಲ್ಲಿ ಎದೆಯೊಳಗಿನ ಯಂತ್ರವನ್ನು ಯಾರೋ ಕಾಲಿನಿಂದ ಮೆತ್ತಗೆ ಒತ್ತಿ ನಿಲ್ಲಿಸಿದ ಹಾಗಾಯಿತು. ಬಸ್ಸು ಹತ್ತಿದಳು, ಕೆಲಸ ಮಾಡಿದಳು, ನಿದ್ದೆ ಬಂತು. ಹತ್ತು ಮುಗಿದಾಗ ಔಷಧಿ ಅಂಗಡಿಗೆ ಹೋಗಿ ಚೀಟಿ ತೋರಿಸಿದಳು, ಅಂಗಡಿಯವನು ಇನ್ನೂ ಹತ್ತು ಕೊಟ್ಟ. ನಾಲ್ಕನೆಯ ಸಲಕ್ಕೆ ಚೀಟಿ ನೋಡುವುದನ್ನೂ ಬಿಟ್ಟ. ಅವಳ ಚಪ್ಪಲಿಯ ಸದ್ದು ಕೇಳಿದರೆ ಸಾಕು, “ಬಂದ್ರಾ ಅಮ್ಮ, ಬಿಳೀದು ತಾನೇ?” ಎಂದು ಪಟ್ಟಿ ಎತ್ತಿ ಇಡುತ್ತಿದ್ದ. ಡಾಕ್ಟರ್ ಮತ್ತೆ ಬಂದು ಕಾಣಿ ಎಂದಿದ್ದು ಆಗೊಮ್ಮೆ ಈಗೊಮ್ಮೆ ನೆನಪಾಗುತ್ತಿತ್ತು. ಚೆನ್ನಾಗಿರುವಾಗ ಡಾಕ್ಟರ ಬಾಗಿಲಿಗೆ ಯಾರು ಹೋಗುತ್ತಾರೆ?

ಹೀಗೆ ಆರು ವರ್ಷ. ಮೂರನೆಯ ವರ್ಷದಲ್ಲಿ ಒಂದು ಸಾಲದೆ ಎರಡಾಯಿತು. ಒಂದಕ್ಕೆ ಅಷ್ಟು ಗುಣವಿದ್ದರೆ ಎರಡಕ್ಕೆ ಇನ್ನಷ್ಟು ಎಂಬುದು ಅವಳದೇ ವೈದ್ಯಶಾಸ್ತ್ರ. ನಾದಿನಿ ಒಮ್ಮೆ ಊರಿಂದ ಬಂದು ನಿದ್ದೆ ಬರುವುದಿಲ್ಲ ಎಂದು ಗೊಣಗಿದಾಗ ಧಾರಾಳವಾಗಿ ಅವಳಿಗೂ ಒಂದು ಕೊಟ್ಟಳು. ನಾದಿನಿ ಮರುದಿನ ಊಟದ ಹೊತ್ತಿನ ತನಕ ಎದ್ದೇಳಲಿಲ್ಲ, ಎದ್ದವಳು ಬಾತ್‌ರೂಮಿನ ಬಾಗಿಲಿಗೆ ಢೀ ಕೊಟ್ಟಳು. “ನಿನ್ನ ಅಣ್ಣನ ಥರಾನೇ ನೀನೂ ನಿದ್ದೆಬುರುಕಿ” ಎಂದು ಕಾಜಮ್ಮ ನಕ್ಕಿದ್ದಳು.

ಮರೆವು ಶುರುವಾಗಿತ್ತು. ಸೂಜಿ ಬಾಯಲ್ಲಿ ಕಚ್ಚಿಕೊಂಡು ಸೂಜಿ ಹುಡುಕುತ್ತಿದ್ದಳು. ಹೇಳಿದ್ದನ್ನೇ ಹೇಳುತ್ತಿದ್ದಳು. ಇನ್ನೊಂದು ಮೆಟ್ಟಿಲು ಇದೆ ಎಂದು ಕಾಲಿಟ್ಟರೆ ಇರುತ್ತಿರಲಿಲ್ಲ. ಒಂದು ಸಲ ಮೊಣಕಾಲು ತರಚಿತು, ಒಂದು ಸಲ ಮಣಿಕಟ್ಟು ಉಳುಕಿತು. ವಯಸ್ಸು ಎಂದುಕೊಂಡಳು. ಅಂಗಡಿಯಲ್ಲಿ ಬಟ್ಟೆಯಂಚು ಕಟ್ಟುವ ಓವರ್‌ಲಾಕ್ ಯಂತ್ರದ ಹೆಂಗಸೊಬ್ಬಳಿದ್ದಳು, ಬಾಯಿ ಅವಳ ಯಂತ್ರಕ್ಕಿಂತ ಜೋರು. ಅವಳನ್ನು ಓವರ್‌ಲಾಕ್ ಎಂದೇ ಕರೆಯುತ್ತಿದ್ದರು. “ದೊಡ್ಡಮ್ಮಾ, ಈ ವಿಷ್ಯ ಬೆಳಿಗ್ಗೆಯಿಂದ ಮೂರು ಸಲ ಆಯ್ತು. ನಾಲ್ಕನೇ ಸಲಕ್ಕೆ ಟಿಕೆಟ್ ಇಡೋಣ್ವಾ?” ಎನ್ನುತ್ತಿದ್ದಳು.

ಮದುಮಗನ ಕೋಟು ಬಂದದ್ದು ಆಗ. ಗಾಢ ನೀಲಿ, ಕೈಗೆ ಬೆಣ್ಣೆಯಂಥ ಬಟ್ಟೆ, ಮದುವೆಗೆ ಮೂರೇ ದಿನ ಬಾಕಿ. ಕಾಜಮ್ಮನಿಗೆ ನೆಗಡಿಯಾಗಿತ್ತು. ಬೆಳಿಗ್ಗೆ ನೆಗಡಿಯ ಮಾತ್ರೆಯೊಂದನ್ನು ತನ್ನ ಬಿಳಿಯದರ ಜೊತೆ ನುಂಗಿ ಬಂದಿದ್ದಳು. ಮಧ್ಯಾಹ್ನ ಕಿಟಕಿಯ ಬಿಸಿಲಿಗೆ ಕಣ್ಣು ಎಳೆಯುತ್ತಿತ್ತು. ಗೆರೆ ಎಳೆದಳು, ಕತ್ತರಿಸಿದಳು, ಗಂಟು ಗಂಟಾಗಿ ಸುತ್ತಿದಳು. ಮೂರು ಕಾಜಾ, ಒಂದಕ್ಕಿಂತ ಒಂದು ಚೆಂದ. ಮಾಸ್ಟರ್ ಕೋಟು ಎತ್ತಿ ಹಿಡಿದವರು ಹಾಗೇ ನಿಂತರು.

“ಕಾಜಮ್ಮಾ, ಮದುವೆ ಹುಡುಗನಿಗೋ ಹುಡುಗಿಗೋ?”

ಗಂಡಸಿನ ಕೋಟಿಗೆ ಕಾಜಾ ಎಡಗಡೆ. ಅಂಗಡಿಗೆ ಬಂದ ಮೊದಲ ದಿನ ಕಲಿಸುವ ಪಾಠ ಅದು. ಅವಳು ಬಲಗಡೆ ಹಾಕಿದ್ದಳು.

ಅಂಗಡಿಯಲ್ಲಿ ಎಲ್ಲ ಯಂತ್ರಗಳೂ ನಿಂತವು. ಮಾಸ್ಟರ್ ಕೂಗಾಡಲಿಲ್ಲ, ಕೂಗಾಡಿದ್ದರೆ ಸಹಿಸಬಹುದಿತ್ತು. ಅಂಥದೇ ಬಟ್ಟೆ ಹುಡುಕಲು ಊರೆಲ್ಲ ಅಲೆದು, ಬಲಭಾಗ ಪೂರ್ತಿ ಹೊಸದಾಗಿ ಕತ್ತರಿಸಿ, ಎರಡು ದಿನ ಮನೆಗೆ ಹೋಗದೆ ಹೊಲಿದರು. ಮೂರನೆಯ ದಿನ ಅವಳ ಮುಂದೆ ಕೈ ಚಾಚಿದರು.

“ಕತ್ತರಿ ಕೊಡಿ.”

“ಮಾಸ್ಟ್ರೇ, ಅವತ್ತು ನೆಗಡಿ...”

“ನೆಗಡಿ ಮೂಗಿಗೆ ಬರುತ್ತೆ ಕಾಜಮ್ಮ, ಎಡಬಲಕ್ಕಲ್ಲ. ಒಂದು ವರ್ಷದಿಂದ ನೋಡ್ತಿದೀನಿ. ನೀವು ಗುಂಡಿ ಹೊಲೀರಿ, ಸ್ಟೂಲು ನಿಮ್ಮದೇ. ಕಾಜಾ ಯಂತ್ರಕ್ಕೆ ಹೇಳಿದೀನಿ, ಮುಂದಿನ ತಿಂಗಳು ಬರುತ್ತೆ. ನಿಮಗೆ ಮೊದಲಿನ ಕೈ ಬಂದರೆ ನೋಡೋಣ.”

ಕತ್ತರಿ ಮಾಸ್ಟರ ಡ್ರಾಯರಿಗೆ ಹೋಯಿತು. ಗುಂಡಿ ಹೊಲಿಯುವ ಕಾಜಮ್ಮ! ಹೆಸರು ಬದಲಿಸಿ ಗುಂಡಮ್ಮ ಎಂದಿಟ್ಟುಕೊಳ್ಳಬೇಕು, ಮೈಕಟ್ಟಿಗೂ ಹೊಂದುತ್ತದೆ ಎಂದು ಅವಳೇ ಹೇಳಿದಳು. ಓವರ್‌ಲಾಕ್ ಸಹ ನಗಲಿಲ್ಲ.

ಆ ಭಾನುವಾರ ಮಗಳು ಬಂದಳು. ದಾರ ಬೇಕೆಂದು ದಾರದ ಡಬ್ಬಿಗೆ ಕೈ ಹಾಕಿದರೆ ಉಂಡೆಗಳ ಕೆಳಗೆ ಖಾಲಿ ಮಾತ್ರೆ ಪಟ್ಟಿಗಳು, ಎಣಿಸಲಾರದಷ್ಟು. ಕಾಜಮ್ಮ ಯಾವುದನ್ನೂ ಎಸೆಯುವವಳಲ್ಲ.

“ಅಮ್ಮಾ, ಇದೇನಿದು?”

“ಬಿಳೀದು.”

“ಯಾವ ಬಿಳೀದು? ಎಷ್ಟು ದಿನದಿಂದ?”

“ನಿಮ್ಮಪ್ಪ ಹೋದಾಗಿಂದ. ಡಾಕ್ಟ್ರೇ ಬರ್ಕೊಟ್ಟಿದ್ದು ಕಣೇ, ನಾನೇನು ಕದ್ದು ತಂದಿಲ್ಲ.”

ಮಗಳು ಪಟ್ಟಿಯ ಹಿಂದಿನ ಹೆಸರನ್ನು ಫೋನಿನಲ್ಲಿ ಹುಡುಕಿದಳು. ಓದುತ್ತಾ ಓದುತ್ತಾ ಮುಖ ಬಿಗಿಯಾಯಿತು. “ಮರೆವು, ತೂಕಡಿಕೆ, ಬೀಳೋದು... ಅಮ್ಮಾ, ಇದು ಅಭ್ಯಾಸ ಆಗಿಹೋಗೋ ಮಾತ್ರೆ. ನಿನಗೆ ಚಟ ಹತ್ತಿದೆ.”

ಚಟ! ಬಸ್ಸಿನಲ್ಲಿ ಪಕ್ಕದವರು ಬೀಡಿ ಹಚ್ಚಿದರೂ ಮೂಗು ಮುಚ್ಚಿಕೊಳ್ಳುವ ಕಾಜಮ್ಮನಿಗೆ ಚಟ. ಆದರೆ ಆ ಮಾತಿಗಿಂತ ಅದರ ಹಿಂದಿನ ಮಾತು ಅವಳನ್ನು ಹೆಚ್ಚು ಹಿಡಿಯಿತು. ಮರೆವು, ತೂಕಡಿಕೆ. ಹಾಗಾದರೆ ತಪ್ಪು ಕೈಯದಲ್ಲ, ವಯಸ್ಸಿನದೂ ಅಲ್ಲ! ಮಾತ್ರೆ ಹೋದರೆ ಕೈ ಬರುತ್ತದೆ, ಕೈ ಬಂದರೆ ಕತ್ತರಿ ಬರುತ್ತದೆ. ಯಂತ್ರ ಬರಲು ಇನ್ನೂ ಮೂರು ವಾರವಿದೆ. “ನಾಳೆ ಡಾಕ್ಟ್ರ ಹತ್ರ ಹೋಗೋಣ, ಅಲ್ಲೀ ತನಕ ನೀನಾಗಿ ಏನೂ ಮಾಡ್ಬೇಡ” ಎಂದು ಮಗಳು ಹೇಳಿದ್ದು ಕಿವಿಯ ಮೇಲೇ ಹಾದುಹೋಯಿತು. ಮಗಳು ಬಸ್ಸು ಹತ್ತಿದ್ದೇ ತಡ, ಉಳಿದಿದ್ದ ಮಾತ್ರೆಗಳನ್ನೆಲ್ಲ ಒಂದೊಂದಾಗಿ ಚಿಟಕಿಸಿ ತೆಗೆದು ಕಕ್ಕಸಿಗೆ ಹಾಕಿ ನೀರು ಬಿಟ್ಟಳು. ಮಗಳಿಗೆ ಫೋನು ಮಾಡಿ, “ಡಾಕ್ಟ್ರು ಗೀಕ್ಟ್ರು ಏನೂ ಬೇಡ. ಮುಗೀತು. ನಿಮ್ಮಮ್ಮ ಅಂದ್ರೆ ಏನಂದ್ಕೊಂಡಿದೀಯ?” ಎಂದಳು.

ನಿಮ್ಮಮ್ಮ ಅಂದರೆ ಏನು ಎಂಬುದು ಮರುದಿನದಿಂದ ಗೊತ್ತಾಗತೊಡಗಿತು. ಮೊದಲ ದಿನ ಸ್ವಲ್ಪ ಸಿಡುಕು. ಎರಡನೆಯ ದಿನ ನಿದ್ದೆ ಮನೆ ಬಿಟ್ಟು ಹೋಯಿತು. ಮೂರನೆಯ ದಿನ ಅಂಗಡಿಯ ಯಂತ್ರಗಳ ಸದ್ದು ತಲೆಬುರುಡೆಯ ಮೇಲೆ ಮೊಳೆ ಹೊಡೆದಂತೆ ಕೇಳಿತು. ಬೆವರು, ನಡುಕ, ಮೈಮೇಲೆ ಇರುವೆ ಹರಿದಂತೆ. ಗುಂಡಿಯ ನಾಲ್ಕು ತೂತುಗಳು ಎಂಟಾದವು, ಎಂಟರಲ್ಲಿ ಯಾವುದಕ್ಕೆ ಸೂಜಿ ಹಾಕುವುದು? ಬಸ್ಸಿನಲ್ಲಿ ಬಂದ ಹಳೆಯ ಭಯ ತನ್ನ ಇಡೀ ಸಂಸಾರ ಕಟ್ಟಿಕೊಂಡು ವಾಪಸು ಬಂದಿತ್ತು. ಆದರೂ ಹಟ. ಇನ್ನೆರಡು ದಿನ, ವಿಷ ಇಳಿಯುತ್ತಿದೆ ಎಂದುಕೊಂಡಳು.

ನಾಲ್ಕನೆಯ ದಿನ ಸ್ಟೂಲಿನಿಂದ ಎದ್ದು ನಿಂತವಳು ಕೈ ಗಡಗಡ ಅಲುಗುತ್ತಾ ಗುಂಡಿಯ ಡಬ್ಬಿಯನ್ನು ಮೈಮೇಲೆ ಸುರಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು. ಓವರ್‌ಲಾಕ್ ಓಡಿ ಬಂದು ಹಿಡಿದುಕೊಂಡಳು.

“ದೊಡ್ಡಮ್ಮಾ! ಏನಾಗ್ತಿದೆ?”

“ಏನಿಲ್ಲ ಕಣೇ. ಚಟ ಬಿಡ್ತಿದೀನಿ.”

“ಯಾವ ಚಟ?”

“ನನಗೂ ಭಾನುವಾರವೇ ಗೊತ್ತಾಗಿದ್ದು.”

ಮಾಸ್ಟರ್ ತಾವೇ ಆಟೋ ತಂದರು. ಮಗಳು ನೇರ ಆಸ್ಪತ್ರೆಗೆ ಬಂದಳು. ಹಳೆಯ ಡಾಕ್ಟರ್ ಯಾವಾಗಲೋ ನಿವೃತ್ತರಾಗಿದ್ದರು. ಈಗಿದ್ದವರು ಮಗಳ ವಯಸ್ಸಿನ ಡಾಕ್ಟರಮ್ಮ. ನಾಡಿ ನೋಡಿ, ರಕ್ತದೊತ್ತಡ ನೋಡಿ, ಚಾಚಿದ ಬೆರಳುಗಳ ನಡುಕ ನೋಡಿ, ಏನು ತೆಗೆದುಕೊಳ್ಳುತ್ತಿದ್ದಿರಿ, ಯಾವಾಗ ನಿಲ್ಲಿಸಿದಿರಿ ಎಂದು ಕೇಳಿದರು. ಕೇಳಿದ ಮೇಲೆ ಕುರ್ಚಿ ಹತ್ತಿರ ಎಳೆದುಕೊಂಡರು.

“ಅಮ್ಮಾ, ಆರು ವರ್ಷದ ಮಾತ್ರೇನ ಒಂದೇ ದಿನ ನಿಲ್ಲಿಸಿಬಿಟ್ರಾ? ಫಿಟ್ಸ್ ಬರಬಹುದಿತ್ತು. ಪ್ರಾಣಕ್ಕೇ ಅಪಾಯ ಆಗಬಹುದಿತ್ತು.”

“ಕೆಟ್ಟದ್ದು ಬಿಟ್ರೆ ಒಳ್ಳೇದಾಗುತ್ತೆ ಅಂದ್ಕೊಂಡೆ.”

“ಕೆಟ್ಟದ್ದು ಅಂತ ಯಾರು ಹೇಳಿದ್ದು? ಮೊದಲ ಹತ್ತು ದಿನ ಅದು ನಿಮ್ಮನ್ನ ಕೈ ಹಿಡಿದು ನಿಲ್ಲಿಸ್ತು ತಾನೆ? ಅದರ ಕೆಲಸ ಅಷ್ಟೇ. ಕಡಿಮೆ ದಿನ, ಕಡಿಮೆ ಪ್ರಮಾಣ. ಅಷ್ಟರೊಳಗೆ ಬೇರೆ ಚಿಕಿತ್ಸೆ ಶುರು ಮಾಡ್ಬೇಕಿತ್ತು. ನೀವು ಅದನ್ನೇ ಮನೆ ಅಳಿಯನ ಥರ ಇಟ್ಕೊಂಡ್ರಿ. ಈಗ ನಿಮ್ಮ ಮೆದುಳು ಅದಕ್ಕೆ ಒಗ್ಗಿಹೋಗಿದೆ. ಇದನ್ನ ಚಟ ಅನ್ನೋದೂ ಸರಿಯಲ್ಲ,” ಎಂದು ಮಗಳ ಕಡೆ ನೋಡಿದರು. “ಡಾಕ್ಟ್ರು ಕೊಟ್ಟ ಮಾತ್ರೆ ತಗೊಂಡು ಯಾರಿಗೆ ಬೇಕಾದ್ರೂ ಹೀಗಾಗಬಹುದು. ಯಾರು ಬರ್ಕೊಟ್ಟಿದ್ದು, ಚೀಟಿ ಇದೆಯಾ?”

ಕಾಜಮ್ಮ ಯಾವುದನ್ನೂ ಎಸೆಯುವವಳಲ್ಲವಲ್ಲ. ಪರ್ಸಿನಿಂದ ಮಡಿಕೆ ಹರಿದ ಚೀಟಿ ತೆಗೆದು ಕೊಟ್ಟಳು. ಡಾಕ್ಟರಮ್ಮ ಓದಿದರು, ಹುಬ್ಬು ಗಂಟಿಕ್ಕಿದರು, ಕಿಟಕಿಯ ಬೆಳಕಿಗೆ ಹಿಡಿದರು.

“ಎಲ್ಲಾ ಕಪ್ಪು ಶಾಯೀಲಿದೆ. ಈ ಎತ್ವ ಒಂದು ಯಾಕೆ ನೀಲಿ?”

“ಅದು ನಾನು ಹಾಕಿದ್ದು. ಡಾಕ್ಟ್ರು ಅವಸರದಲ್ಲಿ ಬಿಟ್ಟಿದ್ರು.”

ಡಾಕ್ಟರಮ್ಮ ಹೆಬ್ಬೆರಳಿನಿಂದ ಆ ನೀಲಿ ಎತ್ವ ಮುಚ್ಚಿ ಚೀಟಿಯನ್ನು ಅವಳ ಮುಂದೆ ಹಿಡಿದರು. “ಈಗ ಓದಿ.”

ಕಾಜಮ್ಮನ ತುಟಿ ಅಲ್ಲಾಡಿತು. “ಹತ್ತು ದಿನ... ಮಾತ್ರ.” ಮತ್ತೊಮ್ಮೆ ಓದಿದಳು. ಹತ್ತು ದಿನ ಮಾತ್ರ. ಅಷ್ಟೇ. ಹನ್ನೊಂದನೆಯದು ಬೇಡ. ಅದಕ್ಕೇ ಕೆಳಗೆ ಗೆರೆ.

ಮಗಳು ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಭುಜಗಳನ್ನು ನೋಡಿದರೆ ಎರಡೂ.

“ಅಯ್ಯೋ ಮೂದೇವಿ,” ಎಂದಳು ಕಾಜಮ್ಮ ತನಗೇ. “ಮೂರನೇ ಕ್ಲಾಸ್ ಓದಿ ಡಾಕ್ಟ್ರಿಗೆ ಕಾಗುಣಿತ ಹೇಳ್ಕೊಡೋಕೆ ಹೋದ್ಯಲ್ಲೇ. ಒಂದೇ ಕ್ಲಾಸ್ ಕಮ್ಮಿ ಓದಿದ್ರೆ ಆರು ವರ್ಷ ಉಳೀತಿತ್ತು.”

ಆಮೇಲೆ ಅವಳು ಕೇಳಬೇಕಾದ್ದನ್ನು ಕೇಳಿದಳು. “ಡಾಕ್ಟ್ರಮ್ಮಾ, ನನ್ನ ಕೈ ವಾಪಸ್ ಬರುತ್ತಾ? ನಾನು ಕಾಜಾ ಹಾಕೋಳು. ಕತ್ತರಿ ಕಿತ್ಕೊಂಡಿದಾರೆ. ಮೂರು ವಾರದಲ್ಲಿ ಯಂತ್ರ ಬರುತ್ತೆ.”

“ನಡುಕ ಹೋಗುತ್ತೆ. ಮರೆವು, ಮಂಪರು ಎಷ್ಟೋ ಕಡಿಮೆ ಆಗುತ್ತೆ. ಆದರೆ ಮೂರು ವಾರದಲ್ಲಿ ಅಲ್ಲ. ಏಳೆಂಟು ತಿಂಗಳು ಬೇಕು, ಜಾಸ್ತಿನೂ ಆಗಬಹುದು. ಅವಸರ ಮಾಡಿದ್ರೆ ಇವತ್ತಿನ ಹಾಗೇ ಆಗೋದು.”

“ಏಳೆಂಟು ತಿಂಗಳು! ಅಷ್ಟರಲ್ಲಿ ಯಂತ್ರ ಮೊಮ್ಮಕ್ಕಳನ್ನ ಹಡೆದಿರುತ್ತೆ.”

“ನೀವು ತಪ್ಪು ಹೊಲಿಗೆ ಹೇಗೆ ಬಿಚ್ತೀರಿ?”

ರೇಷ್ಮೆ ಬಟ್ಟೆಯ ಹೊಲಿಗೆಯನ್ನು ಒಂದೇ ಎಳೆತಕ್ಕೆ ಕೀಳುವವಳನ್ನು ಕಂಡರೆ ಕಾಜಮ್ಮನೇ ಬೆನ್ನಿಗೆ ಗುದ್ದುತ್ತಿದ್ದಳು.

ಎರಡು ದಿನ ಆಸ್ಪತ್ರೆಯಲ್ಲಿಟ್ಟುಕೊಂಡರು. ಮೊದಲು ಮಾತ್ರೆಯನ್ನು ಮತ್ತೆ ಶುರುಮಾಡಿ ನಡುಕ ನಿಲ್ಲಿಸಿದರು, ಆಮೇಲೆ ಮೈಯಿಂದ ನಿಧಾನವಾಗಿ ಇಳಿಯುವ ಅದೇ ಜಾತಿಯ ಇನ್ನೊಂದಕ್ಕೆ ಬದಲಿಸಿದರು. ಎರಡು ಮೂರು ವಾರಕ್ಕೊಮ್ಮೆ ಚೂರು ಚೂರು ಇಳಿಸುವುದು, ಪ್ರತಿ ಸಲ ಕಂಡು ಕೇಳಿಯೇ ಇಳಿಸುವುದು. ಆತಂಕಕ್ಕೆ ಅಭ್ಯಾಸವಾಗದಂಥ ಬೇರೆ ಮಾತ್ರೆ ಕೊಟ್ಟರು, ಮಾತಾಡಿಸುವ ಮೇಡಮ್ ಒಬ್ಬರ ಹತ್ತಿರ ವಾರಕ್ಕೊಮ್ಮೆ ಕಳಿಸಿದರು. ನೆಗಡಿಗಾಗಲಿ ಕೆಮ್ಮಿಗಾಗಲಿ ಕೇಳದೆ ಏನನ್ನೂ ಜೊತೆಗೆ ನುಂಗಬಾರದು, ಯಾರಿಗೂ ದಾನ ಮಾಡಬಾರದು. ನಾದಿನಿಯ ಕತೆ ಕೇಳಿ ಡಾಕ್ಟರಮ್ಮ, “ಅವರಿಗೆ ಉಸಿರಾಟದ ತೊಂದರೆ ಏನಾದ್ರೂ ಇದ್ದಿದ್ರೆ?” ಎಂದರು. ಕಾಜಮ್ಮ ಆ ದಿನವೇ ನಾದಿನಿಗೆ ಫೋನು ಮಾಡಿ ತಪ್ಪಾಯಿತು ಎಂದಳು. ನಲವತ್ತು ವರ್ಷದಲ್ಲಿ ಮೊದಲ ಸಲ ಅತ್ತಿಗೆಯ ಬಾಯಲ್ಲಿ ಆ ಮಾತು ಕೇಳಿ ನಾದಿನಿಗೆ ಗಾಬರಿಯಾಯಿತು, ಸಾಯುವ ಕಾಯಿಲೆಯೇ ಎಂದು ಮೂರು ಸಲ ಕೇಳಿದಳಂತೆ.

ಬಿಡಿಸುವ ಕೆಲಸ ನೇರವಾಗಿ ನಡೆಯಲಿಲ್ಲ. ಮಾತ್ರೆಯ ನಡುವಿನ ಗೆರೆ ಹಿಡಿದು ಅರ್ಧ ಮಾಡುವಾಗ ಮೊದಲ ವಾರ ಪುಡಿಯಾಯಿತು. ಮೂವತ್ತು ವರ್ಷ ಕತ್ತರಿ ಹಿಡಿದವಳಿಗೆ ಒಂದು ಮಾತ್ರೆ ಕತ್ತರಿಸಲು ಬರಲಿಲ್ಲ ಎಂದು ಓವರ್‌ಲಾಕ್ ವಾರವಿಡೀ ಆಡಿಕೊಂಡಳು. ಮೂರನೆಯ ತಿಂಗಳು ಸಲೀಸಾಗಿತ್ತು, ಜಂಬದಲ್ಲಿ ತಾನೇ ಒಂದು ಹೆಜ್ಜೆ ಹೆಚ್ಚು ಇಳಿಸಿದಳು, ಮೂರು ದಿನ ಬಾಗಿಲು ಹಾಕಿಕೊಂಡು ಬೆವೆತಳು. ಡಾಕ್ಟರಮ್ಮ ಬೈಯಲಿಲ್ಲ, ಅದೇ ಪ್ರಮಾಣದಲ್ಲಿ ಒಂದು ತಿಂಗಳು ನಿಲ್ಲಿಸಿದರು. ಮಾತಾಡಿಸುವ ಮೇಡಮ್ ಬಸ್ಸಿನ ಪಾಠ ಕೊಟ್ಟಿದ್ದರು: ಒಂದು ಸ್ಟಾಪು ಹೋಗಿ ಇಳಿಯಬೇಕು, ಭಯ ಬಂದರೆ ಓಡಿಹೋಗದೆ ಉದ್ದ ಉಸಿರು ಬಿಡುತ್ತಾ ಅದು ಇಳಿಯುವ ತನಕ ಕಾಯಬೇಕು. ಹತ್ತಿ ಹತ್ತಿ ಇಳಿಯುವವಳನ್ನು ನೋಡಿ ಕಂಡಕ್ಟರ್, “ಅಜ್ಜೀ, ನೀವು ಪ್ರಯಾಣ ಮಾಡ್ತಿದೀರಾ, ಬಸ್ಸು ತಪಾಸಣೆ ಮಾಡ್ತಿದೀರಾ?” ಎಂದ. ಅವಳು ಆ ಬಸ್ಸಿನಲ್ಲೇ ಒಂದು ದಿನ ಗಂಡನಿಗಾಗಿ ಗೊಳೋ ಎಂದು ಅತ್ತಳು. ಆರು ವರ್ಷ ತಡವಾಗಿ, ಮೂರನೇ ಸ್ಟಾಪಿನಿಂದ ಏಳನೆಯದರ ತನಕ.

ಔಷಧಿ ಅಂಗಡಿಯವನಿಗೆ ಸಹಸ್ರನಾಮ ಅರ್ಚನೆ ಮಾಡಬೇಕೆಂದು ಹೋಗಿದ್ದಳು. ಅವನು ಅವಳ ಕೈಯಿಂದ ಹೊಸ ಚೀಟಿ ತೆಗೆದುಕೊಂಡು ತಾರೀಖು ನೋಡಿ, ಎರಡು ಸಲ ಓದಿ, ಎಣಿಸಿ ಕೊಟ್ಟ. “ಡಾಕ್ಟ್ರಮ್ಮ ಫೋನ್ ಮಾಡಿ ಚೆನ್ನಾಗಿ ಮಂಗಳಾರತಿ ಎತ್ತಿದ್ರು ಅಮ್ಮ. ಇನ್ಮೇಲೆ ಚೀಟಿ ಇಲ್ದೆ ನಿಮ್ಮ ಚಪ್ಪಲಿ ಸದ್ದಿಗೂ ಬೆಲೆ ಇಲ್ಲ.” ಅವನು ಓದದೆ ಕೊಟ್ಟ, ನಾನು ಓದಿಯೇ ಕೆಟ್ಟೆ ಎಂದುಕೊಂಡಳು. ಯಾರು ಯಾರಿಗೆ ಬೈಯುವುದು?

ಯಂತ್ರ ಹೇಳಿದ ದಿನಕ್ಕೇ ಬಂತು. ನಿಮಿಷಕ್ಕೆ ಎರಡು ಕಾಜಾ. ಕಾಜಮ್ಮ ಅದರ ಎದುರಿಗೆ ಕೂತು ಗುಂಡಿ ಹೊಲಿದಳು. ಸಂಜೆ ಮನೆಯಲ್ಲಿ ಚಿಂದಿ ಬಟ್ಟೆಯ ಮೇಲೆ ಮಗಳ ಉಗುರು ಕತ್ತರಿಯಿಂದ ತೂತು ಹಾಕಿ ಸುತ್ತುತ್ತಿದ್ದಳು. ಮೊದಮೊದಲು ಅವು ಕಪ್ಪೆಯ ಬಾಯಿಯಂತೆ ಅಗಲವಾದವು. ಆರನೆಯ ತಿಂಗಳಲ್ಲಿ ಗಂಟು ಗಂಟಿಗೆ ತಾಗಿತು. ಚಿಂದಿಗಳನ್ನು ಅಂಗಡಿಗೆ ತಂದು ತೋರಿಸಲಿಲ್ಲ. ಆದರೆ ಓವರ್‌ಲಾಕ್ ಮನೆಗೆ ಬಂದಾಗ ನೋಡಿದ್ದಳು, ಅವಳು ನೋಡಿದ್ದು ಅಂಗಡಿಗೆ ಗೊತ್ತಾಗದೆ ಇರಲು ಸಾಧ್ಯವೇ?

ಎಂಟನೆಯ ತಿಂಗಳಲ್ಲಿ ಪಿಟೀಲು ನುಡಿಸುವ ಹಳೆಯ ಗಿರಾಕಿಯೊಬ್ಬರ ಕರಿಯ ಕೋಟು ಬಂತು. ಯಂತ್ರದ ಕಾಜಾ ಅವರಿಗೆ ಆಗದು, ಗಟ್ಟಿಯಾಗಿರುತ್ತದೆ, ಕೈಯದೇ ಬೇಕು ಎಂದಿದ್ದರು. ಮಾಸ್ಟರ್ ಕೋಟನ್ನು ಅವಳ ತೊಡೆಯ ಮೇಲಿಟ್ಟರು. ಡ್ರಾಯರು ತೆಗೆದು ಚಿಕ್ಕ ಕತ್ತರಿಯನ್ನು ಕೋಟಿನ ಮೇಲಿಟ್ಟರು.

“ಈಗ ಎಷ್ಟಕ್ಕೆ ಬಂದಿದೆ ನಿಮ್ಮ ಮಾತ್ರೆ?”

“ಕಾಲು. ಅದೂ ಒಂದು ಹೊತ್ತು.”

“ಪೂರ್ತಿ ಬಿಟ್ಟ ಮೇಲೆ ಹಾಕ್ತೀನಿ ಅಂದ್ರೆ ಗಿರಾಕಿಗೆ ಕಾಯೋಕೆ ಹೇಳ್ತೀನಿ.”

ಕಾಯಲು ಹೇಳಿ ಎಂದು ನಾಲಗೆಯ ತುದಿಗೆ ಬಂದಿತ್ತು. ಎದೆ ಡಬಡಬ ಎನ್ನುತ್ತಿತ್ತು. ಆದರೆ ಇದು ಯಾವ ಭಯ ಎಂದು ಈಗ ಅವಳಿಗೆ ತಿಳಿಯುತ್ತಿತ್ತು. ಬೇರೆಯವರ ಒಳ್ಳೆಯ ಬಟ್ಟೆ ಹಾಳಾದೀತು ಎಂಬ ಭಯ ಇದು, ಮೂವತ್ತು ವರ್ಷದ ಹಿಂದೆ ಮೊದಲ ಕೋಟು ಹಿಡಿದಾಗಲೂ ಇದ್ದದ್ದೇ. ಇದಕ್ಕೆ ಮಾತ್ರೆ ಇಲ್ಲ, ಬೇಕಾಗಿಯೂ ಇಲ್ಲ.

“ಮಾಸ್ಟ್ರೇ, ನೀವೇ ಗೆರೆ ಎಳೀರಿ. ನನ್ನ ಎಡಬಲದ ಮೇಲೆ ನನಗಿನ್ನೂ ಅಷ್ಟು ನಂಬಿಕೆ ಬಂದಿಲ್ಲ.”

ಮಾಸ್ಟರ್ ಎಡಗಡೆಯಲ್ಲಿ ಮೂರು ಗೆರೆ ಎಳೆದರು. ಎಳೆದು ಅಲ್ಲೇ ನಿಂತರು.

“ಹೀಗೆ ನೆತ್ತಿ ಮೇಲೆ ನಿಂತ್ಕೊಂಡ್ರೆ ನಿಮ್ಮ ಮೂಗಿಗೇ ಕಾಜಾ ಬೀಳುತ್ತೆ, ಹೋಗಿ ಆ ಕಡೆ.”

ಅವರು ಹೋದರು, ಎರಡೇ ಹೆಜ್ಜೆ. ಕಾಜಮ್ಮ ಉಸಿರನ್ನು ಉದ್ದಕ್ಕೆ ಬಿಟ್ಟಳು. ಗೆರೆಯನ್ನು ಮುಟ್ಟಿ ನೋಡಿದಳು, ಎಡಗಡೆ, ಗಂಡಸಿನ ಕೋಟು. ಕತ್ತರಿಯ ಮೂತಿ ಇಟ್ಟಳು. ಕಚಕ್. ಓವರ್‌ಲಾಕ್ ಯಂತ್ರ ಯಾವಾಗಲೋ ನಿಂತಿತ್ತು.

ಮೂರು ಮುಗಿಸಲು ಮೊದಲಿನ ಎರಡರಷ್ಟು ಹೊತ್ತು ಹಿಡಿಯಿತು. ಮಾಸ್ಟರ್ ಕನ್ನಡಕ ಮೇಲೇರಿಸಿ ಕೋಟನ್ನು ಕಿಟಕಿಗೆ ಹಿಡಿದರು, ಮೊದಲ ಕಾಜಾದ ಮೇಲೆ ಉಗುರಾಡಿಸಿದರು.

“ಇದು ಸ್ವಲ್ಪ ದಪ್ಪ ಬಂದಿದೆ.”

“ಹೌದು. ಹೆದರಿ ದಾರ ಬಿಗಿ ಎಳೆದೆ.”

ಅವರು ಗುಂಡಿಯೊಂದನ್ನು ಅದರಲ್ಲಿ ತೂರಿಸಿದರು, ತೆಗೆದರು, ಮತ್ತೆ ತೂರಿಸಿದರು. ಕೋಟನ್ನು ಇಸ್ತ್ರಿಯ ಮೇಜಿಗೆ ಕಳಿಸಿದರು. ಡ್ರಾಯರನ್ನು ಖಾಲಿಯಾಗಿಯೇ ಮುಚ್ಚಿದರು.

“ನಾಳೆ ಅವರದೇ ಇನ್ನೊಂದು ಇದೆ. ಒಂಬತ್ತಕ್ಕೆ ಬನ್ನಿ.”

“ಹನ್ನೊಂದಕ್ಕೆ ಬರ್ತೀನಿ ಮಾಸ್ಟ್ರೇ. ಬೆಳಿಗ್ಗೆ ಡಾಕ್ಟ್ರಮ್ಮನ್ನ ನೋಡ್ಬೇಕು, ಈ ಕಾಲು ಯಾವಾಗ ಬಿಡೋದು ಅಂತ ಕೇಳೋಕೆ.”

“ನೀವೇ ಬಿಟ್ಟುಬಿಡಿ ದೊಡ್ಡಮ್ಮಾ, ಕಾಲು ಏನು ಮಹಾ,” ಎಂದಳು ಓವರ್‌ಲಾಕ್.

“ಬಾಯಿಗೆ ನಾಲ್ಕು ಹೊಲಿಗೆ ಹಾಕಿಬಿಡ್ತೀನಿ ನೋಡು,” ಎಂದಳು ಕಾಜಮ್ಮ, ಬಿದ್ದ ದಾರದ ತುಂಡುಗಳನ್ನು ಹೆಕ್ಕುತ್ತಾ.